ಪಾವಿನ ಮೇಲಿನ ಕೊಸರು

ಜಗಳ ಶುರುವಾದದ್ದು ದೋಸೆ ಮಗುಚೋ ಕೈಯಿಂದ.

ಭಾನುವಾರ ಬೆಳಿಗ್ಗೆ. ಕಾವಲಿ ಕಾದಿದೆ, ಮೊದಲನೇ ದೋಸೆ ಹುಯ್ದಾಗಿದೆ, ನಮ್ಮತ್ತೆ ಚೆಲುವಾಂಬ ಗೂಡಿನ ಕಡೆ ಕೈ ಚಾಚಿದರೆ ಮಗುಚೋ ಕೈ ಇಲ್ಲ.

"ಯದುಗಿರೀ, ಮಗುಚೋ ಕೈ ಎಲ್ಲೇ?"

"ನಾನು ಕಂಡಿಲ್ಲ ಅತ್ತೆ."

"ಹಾಗಾದರೆ ಕಾಲು ಬಂದು ಓಡಿಹೋಯ್ತೇನು?"

ಓಡಿಹೋಗಿದ್ದು ನಿಜ. ಹಿತ್ತಲಲ್ಲಿ ನಮ್ಮ ಯಜಮಾನರು ಗೋಣಿಚೀಲ ಹಾಸಿಕೊಂಡು ಕೂತಿದ್ದರು. ಮುಂದೆ ದೋಣಿ ಮೋಟಾರು. ಅದರ ತಲೆ ಬಿಚ್ಚಿಟ್ಟು, ಒಳಗೆ ಗಟ್ಟಿಯಾಗಿ ಕಟ್ಟಿದ್ದ ಕರಿಯನ್ನ ಅತ್ತೆಯ ಮಗುಚೋ ಕೈಯಿಂದಲೇ ಪರಪರ ಕೆರೆಯುತ್ತಿದ್ದರು. ಒಲೆ ಮೇಲಿನ ದೋಸೆ ಸೀದು ವಾಸನೆ ಹಿತ್ತಲಿಗೆ ಬಂತು.

"ಅಯ್ಯೋ ನಾರಾಯಣ! ಮೀನಿನ ಯಂತ್ರಕ್ಕೆ ನನ್ನ ತವರಿನ ಮಗುಚೋ ಕೈ!" ಅತ್ತೆ ಹಣೆ ಚಚ್ಚಿಕೊಂಡರು.

"ಇದು ಪೆಟ್ರೋಲು ಕುಡಿಯುತ್ತಮ್ಮ, ಮೀನು ತಿನ್ನೋಲ್ಲ."

"ತಿನ್ನದಿದ್ದರೇನು, ಮೀನಿನ ಜೊತೆ ಓಡಾಡುತ್ತಲ್ಲ! ಮೂಗಿದೆಯೇನೋ ನಿಂಗೆ?"

ಈ ಕಥೆ ಅರವತ್ತೊಂದನೇ ಇಸವಿದು. ನಮ್ಮ ಮನೆ ಬೇಲೂರಿನಲ್ಲಿ, ದೇವಸ್ಥಾನದ ಹಿಂದಿನ ಬೀದಿ. ನಾನು ಜಾವಗಲ್ಲಿನ ಮೇಷ್ಟರ ಮಗಳು, ಈ ಮನೆಗೆ ಸೊಸೆಯಾಗಿ ಬಂದು ಆಗ ಮೂರು ವರ್ಷ. ನಮ್ಮ ಯಜಮಾನರು ಯೋಗನರಸಿಂಹ ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು, ಬೆಂಗಳೂರಲ್ಲಿ ಒಂದು ವರ್ಷ ಮೋಟಾರು ರಿಪೇರಿ ಕಲಿತು, ಕೊನೆಗೆ ಮೀನಿನ ಇಲಾಖೆಯಲ್ಲಿ ಹಂಗಾಮಿ ಕೆಲಸ ಹಿಡಿದಿದ್ದರು. ಹಳೇಬೀಡಿನ ದೊಡ್ಡ ಕೆರೆಗೆ ಮೀನುಮರಿ ಬಿಡೋದಕ್ಕೆ, ಬಲೆ ಎಳೆಯೋದಕ್ಕೆ ಒಂದು ದೋಣಿ. ದೋಣಿಯ ಹಿಂಬದಿಗೆ ಸಿಕ್ಕಿಸೋ ಒಂದು ಪುಟ್ಟ ಮೋಟಾರು. ಮೋಟಾರು ಓಡಿಸೋರು ಇವರು, ಬಲೆ ಬೀಸೋನು ಬೆಸ್ತರ ದೇವೀರಪ್ಪ.

ಅಯ್ಯಂಗಾರ್ ಮನೆ ಮಗ, ಮೀನಿನ ಇಲಾಖೆ! ಬೀದೀಲಿ ಯಾರಾದರೂ ಕೇಳಿದರೆ ಅತ್ತೆ 'ಕೆರೆ ಆಫೀಸು' ಅನ್ನೋರು. ಮಾವ ಗೋಪಾಲಸ್ವಾಮಿ ಮಾತ್ರ 'ಮತ್ಸ್ಯಾವತಾರದ ಆಫೀಸು' ಅಂತ ನಗೋರು. ಸಂಬಳ ಬಂದ ದಿನ ಯಾರ ಮೂಗಿಗೂ ಮೀನಿನ ನಾತ ಬಡೀತಿರಲಿಲ್ಲ. ಯುಗಾದಿ ಒಳಗೆ ಕೆಲಸ ಖಾಯಂ ಆಗುತ್ತೆ ಅಂತ ಹಾಸನದಿಂದ ಮಾತು ಬಂದಿತ್ತು. ಖಾಯಂ ಆಗಿಬಿಟ್ಟರೆ ಮಾವ ದೇವಸ್ಥಾನದ ಅಡುಗೆ ಬಿಟ್ಟು ಮನೇಲಿ ಕಾಲು ಚಾಚಬಹುದು. ನಲವತ್ತು ವರ್ಷ ದೇವರಿಗೆ ಪೊಂಗಲು ಪುಳಿಯೋಗರೆ ಮಾಡಿ ಮಾಡಿ ಅವರ ಮೊಣಕಾಲು ಎರಡೂ ಸವೆದುಹೋಗಿದ್ದವು.

ಈಗ ಎಣ್ಣೆ ವಿಷಯ ಹೇಳಬೇಕು. ಕೆರೆ ಏರಿ ಮೇಲೆ ಇಲಾಖೆಗೆ ಇದ್ದದ್ದು ಬೀಗವಿಲ್ಲದ ಒಂದು ಗುಡಿಸಲು. ಹಾಗಾಗಿ ಪೆಟ್ರೋಲು, ಎಣ್ಣೆ ಡಬ್ಬ ಎರಡೂ ನಮ್ಮ ಹಿತ್ತಲ ಕೊಟ್ಟಿಗೇಲಿ. ಆ ಮೋಟಾರಿಗೆ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಹಾಕಬೇಕು. ಬೆಳಿಗ್ಗೆ ಇವರಿಗೆ ಸ್ನಾನ, ಸಂಧ್ಯಾವಂದನೆ, ಏಳು ಗಂಟೆ ಬಸ್ಸು. ಬೆರೆಸೋ ಕೆಲಸ ನನ್ನ ತಲೆಗೆ ಬಂತು.

"ಒಂದು ಗ್ಯಾಲನ್ ಪೆಟ್ರೋಲಿಗೆ ಒಂದು ಪಾವು ಎಣ್ಣೆ. ತಿಳೀತಾ?" ಅಂದಿದ್ದರು.

ತಿಳೀದೇ ಏನು? ನಾಲ್ಕನೇ ವಯಸ್ಸಿಂದ ಪಾವು ಹಿಡಿದೋಳು ನಾನು. ಆದರೆ ನಾವು ಅಳತೆ ಕಲಿತದ್ದೇ ಬೇರೆ ಥರ. ಅಕ್ಕಿ ಅಳೆಯುವಾಗ ಮೊದಲ ಪಾವಿಗೆ 'ಒಂದು' ಅನ್ನೋಲ್ಲ, 'ಲಾಭ' ಅಂತೀವಿ. ಅಳೆದಾದ ಮೇಲೆ ಇಷ್ಟು ಕೊಸರು ಹಾಕ್ತೀವಿ. ಕೊಸರು ಹಾಕದ ಹಾಲಿನವಳನ್ನ ಮಾರನೇ ದಿನ ಬಾಗಿಲಿಗೆ ಸೇರಿಸೋಲ್ಲ. "ಬರೀ ಅಳತೆಗೆ ಅಳೆದು ಕೊಡೋ ಕೈ ದರಿದ್ರದ ಕೈ ಕಣೇ" ಅಂತ ನಾನು ಈ ಮನೆಗೆ ಬಂದ ಮೊದಲ ವಾರವೇ ಅತ್ತೆ ಹೇಳಿಕೊಟ್ಟಿದ್ದರು. ಸರಿ, ಮೋಟಾರಿಗೂ ಪಾವು ಎಣ್ಣೆ ಹುಯ್ದು ಮೇಲೊಂದು ಕೊಸರು ಹಾಕ್ತಿದ್ದೆ. ಕೆರೆ ನಡುವೆ ನನ್ನ ಗಂಡನ್ನ ಹೊತ್ತು ತಿರುಗೋ ಯಂತ್ರ, ಅದಕ್ಕೆ ಜಿಪುಣತನ ಯಾಕೆ?

ಭಾದ್ರಪದದಲ್ಲಿ ಮೋಟಾರು ಕೆಮ್ಮೋದಕ್ಕೆ ಶುರು ಮಾಡಿತು. "ಯಾಕೋ ಸೊರಗ್ತಾ ಇದೆ ಕಣೇ" ಅಂದರು ಇವರು. ಸೊರಗಿದೋರಿಗೆ ತುಪ್ಪ ಹಾಕ್ತಾರೆ ತಾನೆ? ನಾನು ಕೊಸರು ಇನ್ನಷ್ಟು ಜಾಸ್ತಿ ಮಾಡಿದೆ. ಇಲಾಖೆಯ ಎಣ್ಣೆ ದೊಡ್ಡ ಡಬ್ಬದಲ್ಲಿ ಬರ್ತಿತ್ತು, ಎಷ್ಟು ಇಳಿದಿದೆ ಅಂತ ಬಗ್ಗಿ ನೋಡೋರು ಯಾರು? ಒಂದೊಂದು ದಿನ ಅರ್ಧ ಪಾವು ಮೇಲೆ ಬಿದ್ದಿರಬಹುದು. ಹಾಕಿದ ಮೇಲೆ ಮನಸ್ಸಿಗೆ ಎಂಥಾ ಸಮಾಧಾನ ಅಂತೀರಿ!

ಆ ಭಾನುವಾರಕ್ಕೆ ಎರಡು ದಿನ ಮೊದಲು, ಶುಕ್ರವಾರ, ಮೋಟಾರು ಕೆರೆ ನಡುವೆ ನಿಂತೇಹೋಯ್ತು. ದೇವೀರಪ್ಪ ಹುಟ್ಟು ಹಾಕಿ ದಡ ಸೇರಿಸಿದ. ಇವರು ದಡದಲ್ಲೇ ಬಿಚ್ಚಿ ನೋಡಿದರೆ ಒಳಗೆಲ್ಲ ಕರಿ. ಇವರ ತಲೆಗೆ ಹೊಳೆದದ್ದು ಒಂದೇ: ಬೆರೆಸಿ ತಂದದ್ದರಲ್ಲಿ ಸಂಜೆ ಮಿಕ್ಕ ಪೆಟ್ರೋಲಿನ ಡಬ್ಬ ರಾತ್ರಿ ಇರೋದು ದೇವೀರಪ್ಪನ ಮನೇಲಿ, ಅವನು ಪೆಟ್ರೋಲು ಬಸಿದು ಮಾರಿಕೊಂಡು ಅಷ್ಟಕ್ಕೆ ಸೀಮೆಎಣ್ಣೆ ತುಂಬಿಸಿದಾನೆ. ಬಟ್ಟೆ ಒಗೆಯೋರು, ದನ ಮೈ ತೊಳೆಯೋರು, ಹತ್ತು ಜನರ ಮುಂದೆ "ಕಳ್ಳ" ಅಂದುಬಿಟ್ಟರು. ನಾಳೆಯಿಂದ ಬರಬೇಡ ಅಂದರು. ಅಷ್ಟಕ್ಕೇ ಬಿಡದೆ ಹಾಸನಕ್ಕೆ ಕಾಗದ ಬರೆದು ಅಂಚೆಗೂ ಹಾಕಿದರು. ಶನಿವಾರ ಮೋಟಾರು ಬಸ್ಸಿನ ತಲೆ ಮೇಲೆ ಬೇಲೂರಿಗೆ ಬಂತು. ಭಾನುವಾರ ಮಗುಚೋ ಕೈ ಹೋಯ್ತು.

ಅತ್ತೆಯ ಕೂಗಿಗೆ ಮಾವ ಹಿತ್ತಲಿಗೆ ಬಂದರು. ಆಗತಾನೆ ದೇವಸ್ಥಾನಕ್ಕೆ ಹೊರಟಿದ್ದರು, ಮಡಿಯಲ್ಲಿದ್ದರು. ಬಂದೋರು ಗೋಣಿ ಮೇಲೆ ಬಿದ್ದಿದ್ದ ಕರಿಯ ಚಿಟಿಕೆ ತಗೊಂಡು ಬೆರಳಲ್ಲಿ ಹೊಸಕಿದರು.

"ಮಡೀಲಿದೀರಿ!" ಅತ್ತೆ ಕಿರುಚಿದರು.

"ಇನ್ನೊಂದು ತಂಬಿಗೆ ಹುಯ್ಕೋತೀನಿ ಬಿಡು." ಮಾವ ಬೆರಳು ಮೂಸಿ ನೋಡಿದರು. "ಇದು ಸೀಮೆಎಣ್ಣೆ ಕರಿ ಅಲ್ಲ ಕಣೋ."

"ನಿಮಗೇನಪ್ಪ ಗೊತ್ತು?"

"ಸೀಮೆಎಣ್ಣೆ ಕರಿ ಲಾಂದ್ರದ ಗಾಜಿಗೆ ಕೂತಿರುತ್ತೆ. ಊದಿದರೆ ಹಾರುತ್ತೆ. ಇದು ಜಿಡ್ಡಿನ ಕರಿ. ಬಾಣಲೆ ಅಂಚಿಗೆ ಎಣ್ಣೆ ಸೀದು ಸೀದು ಕಟ್ಟಿಕೊಳ್ಳುತ್ತಲ್ಲ, ಅದು. ಎಣ್ಣೆ ಜಾಸ್ತಿ ಬಿದ್ದಿದೆ."

"ಇದು ಪುಳಿಯೋಗರೆ ಗೊಜ್ಜಲ್ಲಪ್ಪ."

"ಗೊಜ್ಜಲ್ಲ, ಒಪ್ಪಿದೆ. ಆದರೆ ಕಬ್ಬಿಣ ಹಾಕಿ ಕೆರೀಬೇಡ. ಗೀರು ಬಿದ್ದ ಪಾತ್ರೆ ಮಾರನೇ ದಿನ ಎರಡರಷ್ಟು ತಳ ಹಿಡಿಯುತ್ತೆ. ನೆನೆಹಾಕು. ಕರಟದ ಚೂರು ತಗೊಂಡು ನಿಧಾನಕ್ಕೆ ಎಬ್ಬಿಸು."

ಎಣ್ಣೆ ಜಾಸ್ತಿ ಬಿದ್ದಿದೆ! ನನ್ನ ಕೈಲಿದ್ದ ಚಟ್ನಿ ಬಟ್ಟಲು ಜಾರಿ ಕಲ್ಲಿನ ಮೇಲೆ ಬಿತ್ತು. ಮಾವ ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ಬಾವಿ ಕಡೆ ಹೋದರು.

ಅಡುಗೆಮನೇಲಿ ಅತ್ತೆ ಮಗುಚೋ ಕೈಯನ್ನ ಒಲೆಯೊಳಗೆ ಸಿಕ್ಕಿಸಿ ಕೆಂಪಗೆ ಕಾಯಿಸ್ತಿದ್ದರು. ಬೆಂಕಿಗೆ ಬಿದ್ದ ಮೇಲೆ ಎಲ್ಲಾ ಶುದ್ಧ.

"ಅತ್ತೆ, ಎಣ್ಣೆ ಅಳೆದು ಹಾಕ್ತಿದ್ದೋಳು ನಾನು."

"ಎಷ್ಟು ಹಾಕ್ತಿದ್ದೆ?"

"ಒಂದು ಪಾವು. ಮೇಲೆ ಕೊಸರು."

"ಕೊಸರು ಅಂದರೆ ಎಷ್ಟೇ?"

"ನೀವು ಹೇಳಿಕೊಟ್ಟಷ್ಟು. ಆಮೇಲೆ ಇನ್ನೂ ಸ್ವಲ್ಪ."

ಅತ್ತೆ ಇಕ್ಕಳ ಕೆಳಗಿಟ್ಟರು. "ಬಾಯಿ ಮುಚ್ಕೊಂಡಿರು. ಸರ್ಕಾರದ ಎಣ್ಣೆ ಹೆಂಡತಿ ಕೈಲಿ ಅಳೆಸಿದ ಅಂತ ಗೊತ್ತಾದರೆ ಖಾಯಂ ಹಾಗಿರಲಿ, ಇರೋ ಕೆಲಸಕ್ಕೂ ಕಲ್ಲು ಬೀಳುತ್ತೆ."

"ದೇವೀರಪ್ಪ?"

"ಅವನಿಗೇನು, ಬಲೆ ಇದೆ, ಕೆರೆ ಇದೆ."

"ಕೆರೆ ಇಲಾಖೇದು ಅತ್ತೆ. ಕೆಲಸದಿಂದ ಓಡಿಸಿದ ಮೇಲೆ ಅವನು ಅಲ್ಲಿ ಬಲೆ ಬೀಸೋ ಹಾಗಿಲ್ಲ."

"ನಿಮ್ಮ ಮಾವನ ಮೊಣಕಾಲು ನೋಡಿದೀಯಾ ನೀನು?" ಅಂದರು ಅತ್ತೆ. ನಾನು ಚೆಲ್ಲಿದ ಚಟ್ನಿ ಒರೆಸೋಕೆ ಹಿತ್ತಲಿಗೆ ಹೋದೆ.

ಕರಿ ತೆಗೆಯೋದು ನಾಲ್ಕು ದಿನ ಹಿಡಿಯಿತು. ಇವರು ಬಾಯಲ್ಲಿ ಏನೇ ಅನ್ನಲಿ, ಮಾಡಿದ್ದು ಮಾವ ಹೇಳಿದ ಹಾಗೇ. ಮೋಟಾರಿನ ತಲೆಯನ್ನ, ಪಿಸ್ಟನ್ನನ್ನ ಸೀಮೆಎಣ್ಣೆ ತುಂಬಿದ ಬೋಗುಣೀಲಿ ಒಂದು ರಾತ್ರಿ ನೆನೆಹಾಕಿದರು. ಬೋಗುಣಿ ನಂದು, ಮದುವೇಲಿ ಬಂದದ್ದು. ಅದಕ್ಕೂ ಒಂದು ಸುತ್ತು ಜಗಳವಾಯ್ತು. ಬೆಳಿಗ್ಗೆಗೆ ಕರಿ ಸ್ವಲ್ಪ ಮೆತ್ತಗಾಗಿತ್ತು. ನಾನು ಕರಟ ಒಡೆದು ಅಂಚು ಚೂಪು ಮಾಡಿ ಕೊಟ್ಟೆ. ಇವರು ಕೂತು, ಗೀರು ಬೀಳದ ಹಾಗೆ, ಉಗುರಿನಷ್ಟು ಉಗುರಿನಷ್ಟೇ ಎಬ್ಬಿಸಿದರು. ಪಿಸ್ಟನ್ನಿನ ಸುತ್ತ ಬಳೆ ಥರ ಎರಡು ರಿಂಗು. ಅವು ಕರಿಗೆ ಅಂಟಿಕೊಂಡು ಅಲ್ಲಾಡ್ತಿರಲಿಲ್ಲ. ಅದಕ್ಕೆ ಬಿದಿರು ಸೀಳಿ ಕಡ್ಡಿ ಮಾಡಿಕೊಟ್ಟೆ. ಹೊಗೆ ಹೋಗೋ ತೂತು ಶೀತವಾದ ಮಗುವಿನ ಮೂಗಿನ ಹಾಗೆ ಮುಕ್ಕಾಲು ಕಟ್ಟಿತ್ತು. ಗೋಣಿ ಮೇಲೆ ಬೀಳ್ತಿದ್ದ ಕರಿಯ ಒಂದೊಂದು ಚೂರನ್ನೂ ನಾನು ಎಣಿಸ್ತಿದ್ದೆ. ಅದೆಲ್ಲಾ ನಾನು ಹುಯ್ದದ್ದು!

"ಕಳ್ಳ ನನ್ಮಗ, ನೋಡು ಎಷ್ಟು ಬೆರೆಸಿದಾನೆ" ಅನ್ನೋರು ಇವರು ಗಳಿಗೆಗೊಮ್ಮೆ.

"ನೀವು ಬೆರೆಸೋದನ್ನ ಕಂಡಿದೀರಾ?" ಅಂತ ಒಂದು ಸಲ ಕೇಳಿದೆ.

"ಕಾಣಬೇಕೇನು? ಅಳತೆ ನಮ್ಮನೇದು, ಅದು ತಪ್ಪೋ ಹಾಗಿಲ್ಲ. ಮಿಕ್ಕಿದ್ದೋನು ಅವನೊಬ್ಬನೇ."

ಬುಧವಾರ ಇವರು ಮೋಟಾರಿನ ತಲೆ ಕೆಳಗೆ ಹಾಕೋ ಹೊಸ ಗ್ಯಾಸ್ಕೆಟ್ಟು ತರೋದಕ್ಕೆ ಅರಸೀಕೆರೆಗೆ ಹೋಗಿದ್ದರು. ನಾನು ಜಗಲಿ ಸಾರಿಸ್ತಿದ್ದೆ. ಬೀದೀಲಿ ದೇವೀರಪ್ಪ ಬಂದು ನಿಂತ. ಐವತ್ತರ ಹತ್ತಿರದ ಮನುಷ್ಯ, ಹೆಗಲ ಮೇಲೆ ಟವಲು.

"ಅಯ್ನೋರು ಇಲ್ವಾ ಅಮ್ಮಾರೇ?"

"ಅರಸೀಕೆರೆಗೆ ಹೋಗಿದಾರೆ."

"ನಾ ಒಂದು ತೊಟ್ಟು ಕದ್ದಿಲ್ಲ ಕಣ್ರವ್ವ. ಆ ತಾಯಾಣೆ. ಹಳೇಬೀಡಾಗೆ ಐಕ್ಳೆಲ್ಲ 'ಪೆಟ್ರೋಲ್ ದೇವೀರ' ಅಂತ ಕೂಗ್ತಾವೆ. ನನ್ ಮಗಳ್ನ ನೋಡಾಕೆ ಸೋಮಾರ ಬತ್ತೀವಿ ಅಂದಿದ್ರು ಹುಲಿಕೆರೆಯೋರು. ಬರ್ನಿಲ್ಲ." ಟವಲಿಂದ ಮುಖ ಒರೆಸಿಕೊಂಡ. "ಕೆಲ್ಸ ಹೋದ್ರೆ ಹೋಗ್ಲಿ, ಬ್ಯಾರೆ ನೋಡ್ಕಂತೀನಿ. ಇಲ್ಲೇ ಅಕ್ಕನ ಮನೇಲಿದೀನಿ, ಹೊಳೇಲಿ ಬಲೆ ಬಿಡ್ತೀನಿ. ಕಳ್ಳ ಅನ್ನೋದ್ ಮಾತ್ರ ತಗೀಲಿ ಅಯ್ನೋರು."

ಹೇಳಿಬಿಡೋಣ ಅಂತ ಬಾಯಿ ತೆರೆದೆ. ಬಾಗಿಲ ಹಿಂದೆ ಅತ್ತೆ ಕೆಮ್ಮಿದರು. ನಾನು ಒಳಗೆ ಹೋಗಿ ಮಜ್ಜಿಗೆ ತಂದು, ಜಗಲಿ ಮೇಲಿಂದ ಅವನ ಬೊಗಸೆಗೆ ಹುಯ್ದೆ. ಎರಡು ತಂಬಿಗೆ ಕುಡಿದ. "ತಣ್ಣಗಿರಿ ತಾಯಿ" ಅಂದ. ಆ ಮಾತು ಕೇಳಿ ನನಗೆ ಸಾಯೋಷ್ಟು ನಾಚಿಕೆಯಾಯ್ತು.

ಸಂಜೆ ಇವರಿಗೆ "ದೇವೀರಪ್ಪ ಬಂದಿದ್ದ" ಅಂತಷ್ಟೇ ಹೇಳಿದೆ.

"ಎಷ್ಟು ಧೈರ್ಯ ಅವನಿಗೆ!" ಅಂದು ಗ್ಯಾಸ್ಕೆಟ್ಟು ಕಟ್ಟಿದ್ದ ಕಾಗದ ಬಿಚ್ಚಿದರು.

ಗುರುವಾರದಿಂದ ನಾನು ಕೊಸರು ನಿಲ್ಲಿಸಿದೆ. ಪಾವಿನ ಅಂಚಿಗೆ ಬೆರಳು ಅಡ್ಡ ಇಟ್ಟು, ಒಂದು ತೊಟ್ಟು ಮೇಲೆ ಬೀಳದ ಹಾಗೆ ಅಳೆದೆ. ತಪ್ಪು ಸರಿ ಮಾಡಿದೆ, ಇನ್ನೇನು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೋಟಾರು ಸರಿಹೋಯ್ತು. ಹೊಗೆ ಇಲ್ಲ, ಕೆಮ್ಮಿಲ್ಲ. ಇವರು ಸಂಜೆ ಬಸ್ಸಿಳಿದು ಬಂದೋರು ಒಂದು ಮೊಳ ಕನಕಾಂಬರ ನನ್ನ ಕೈಗಿತ್ತು, ಮನೆಯೆಲ್ಲಾ ಕೇಳೋ ಹಾಗೆ ಅಂದರು:

"ನೋಡಿದ್ಯಾ? ಕಳ್ಳ ಹೋದ, ಕರಿ ಹೋಯ್ತು! ಇನ್ನು ಯಾರಿಗಾದರೂ ಅನುಮಾನ ಇದೆಯೇನು?"

ಮಾವ ಉಣ್ಣುತ್ತಿದ್ದೋರು ತಲೆ ಎತ್ತಲಿಲ್ಲ. ಅಯ್ಯೋ ದೇವರೇ, ನಾನು ಸರಿಯಾಗಿ ಅಳೆದದ್ದೇ ಅವನಿಗೆ ಉರುಳಾಯ್ತಲ್ಲ! ನಾನು ಅಳತೆ ತಪ್ಪದಷ್ಟು ದಿನವೂ ದೇವೀರಪ್ಪ ಕಳ್ಳನೇ. ಆ ಹೂವು ಮುಡಿಯೋದಕ್ಕೆ ಕೈ ಏಳಲಿಲ್ಲ, ದೇವರ ಮುಂದಿಟ್ಟುಬಿಟ್ಟೆ.

ಅಲ್ಲಿಂದ ಮೂರು ವಾರ ನನಗೆ ಕೂತರೆ ನಿಂತರೆ ಸಮಾಧಾನವಿಲ್ಲ. ಸಾರಿಗೆ ಉಪ್ಪು ಎರಡು ಸಲ ಬೀಳೋದು, ಇಲ್ಲವೇ ಬೀಳೋದೇ ಇಲ್ಲ. ಅತ್ತೆ ಬೈಯೋರು, ನಾನು ಎದುರು ಆಡೋಳು. ಹಾಲು ಉಕ್ಕಿದರೂ ಜಗಳ, ಉಕ್ಕದಿದ್ದರೂ ಜಗಳ. ಹೊಳೆ ಕಡೆ ಬಟ್ಟೆ ಒಗೆಯೋಕೆ ಹೋದರೆ ಆಚೆ ದಡದಲ್ಲಿ ದೇವೀರಪ್ಪ ಬಲೆ ಬಿಡಿಸ್ತಾ ಕೂತಿರೋನು. ಕಂಡ ಕೂಡಲೇ ಎದ್ದು ಕೈ ಮುಗಿಯೋನು. ಆಮೇಲೆ ನಾನು ಹೊಳೆಗೆ ಹೋಗೋದೇ ಬಿಟ್ಟು ಬಾವಿ ಕಟ್ಟೇಲಿ ಒಗೆದೆ.

ಆಗ ಹಾಸನದ ಕಾಗದ ಬಂತು. ಬರೋ ಸೋಮವಾರ ಸಾಹೇಬರು ಹಳೇಬೀಡಿಗೆ ಬಂದು ಮೋಟಾರು ನೋಡ್ತಾರೆ. ಖಾಯಂ ವಿಷಯ ಅವತ್ತೇ ಶಿಫಾರಸು. ಕಳ್ಳತನದ ವಿಚಾರಣೆಯೂ ಅವತ್ತೇ, ದೇವೀರಪ್ಪ ಹಾಜರಿರಬೇಕು, ರುಜುವಾತಾದರೆ ಪೊಲೀಸಿಗೆ.

"ಪೊಲೀಸಾ?" ಅಂದೆ.

"ಮತ್ತೆ? ಸರ್ಕಾರದ ಮಾಲು" ಅಂದರು. ಆದರೆ ಅವರ ದನಿ ಸ್ವಲ್ಪ ಕುಗ್ಗಿತ್ತು.

ಶನಿವಾರ ಬೆಳಿಗ್ಗೆ ನಾನು ಕೊಟ್ಟಿಗೆಗೆ ಹೋಗಿ ಪಾವು ಹಿಡಿದೆ. ಲಾಭ ಅಂದೆ, ಹುಯ್ದೆ. ಎರಡು ಅಂದೆ, ಹುಯ್ದೆ. ಮೂರು ಅಂದೆ, ಅದನ್ನೂ ಹುಯ್ದೆ.

ಮಧ್ಯಾಹ್ನ ಎರಡಕ್ಕೇ ಇವರು ವಾಪಸು ಬಂದರು, ಮೋಟಾರಿನ ಸಮೇತ. ಮುಖವೆಲ್ಲಾ ಮಸಿ. ಎಲೆ ಹಾಕಿದೆ. ಮಾವ ಪಕ್ಕದಲ್ಲಿ ಕೂತಿದ್ದರು, ಅತ್ತೆ ಬಡಿಸ್ತಿದ್ದರು.

"ಏನಾಯ್ತೋ?" ಅಂದರು ಅತ್ತೆ.

"ಕೆರೆ ತುಂಬ ಹೊಗೆ! ದಡದಲ್ಲಿದ್ದ ಹೆಂಗಸರು ಒಗೆದ ಸೀರೆ ಎತ್ತಿಕೊಂಡು ಓಡಿದರು. ಪ್ಲಗ್ಗು ನೋಡಿದರೆ ಎಣ್ಣೇಲಿ ಅದ್ದಿ ತೆಗೆದ ಹಾಗಿದೆ. ದೇವೀರಪ್ಪ ಆ ಕಡೆ ತಲೆ ಹಾಕಿಲ್ಲ. ಮಿಕ್ಕಿದ್ದ ಡಬ್ಬ ನಾನೇ ಹೊತ್ತು ತಿರುಗ್ತೀನಿ. ಹಾಗಾದರೆ ಯಾರು ಬೆರೆಸಿದ್ದು?"

"ನಾನು" ಅಂದೆ.

ಅನ್ನ ಕಲಸ್ತಿದ್ದ ಇವರ ಕೈ ನಿಂತಿತು.

"ಇವತ್ತು ಮೂರು ಪಾವು ಹುಯ್ದೆ. ಆಗೆಲ್ಲಾ ಪಾವಿನ ಮೇಲೆ ಕೊಸರು ಹಾಕ್ತಿದ್ದೆ, ದಿನಾ. ಆ ಕರಿ ನಂದು. ದೇವೀರಪ್ಪ ಏನೂ ಮಾಡಿಲ್ಲ."

"ಬೇಕೂಂತ ಮಾಡಿದ್ಯಾ?"

"ಆಗ ತಿಳೀದೆ. ಇವತ್ತು ಬೇಕೂಂತ."

"ನಾಡಿದ್ದು ಸಾಹೇಬರು ಬರ್ತಾರೆ ಕಣೇ! ನನ್ನ ಮನೆ ಹಾಳು ಮಾಡೋಕೆ ಹುಟ್ಟಿದ್ಯಾ?" ಎಲೆ ಮುಂದಿನಿಂದ ಎದ್ದೇಬಿಟ್ಟರು.

ಅತ್ತೆ ಸೌಟು ಹಿಡಿದುಕೊಂಡೇ ಅಡ್ಡ ಬಂದರು. ನನ್ನ ಮೇಲೆ ಬೀಳ್ತಾರೆ ಅಂತ ನಾನು ಕಣ್ಣು ಮುಚ್ಚಿದೆ. "ಕೊಸರು ಹಾಕೋದು ಕಲಿಸಿದೋಳು ನಾನು. ಬಾಯಿ ಮುಚ್ಕೊಂಡಿರು ಅಂದೋಳೂ ನಾನೇ. ಬೈಯೋದಾದರೆ ನನ್ನ ಬೈಯೋ. ಮೊದಲು ಕೂತು ಉಣ್ಣು."

"ನಿಮಗೂ ಗೊತ್ತಿತ್ತಾ? ಅಪ್ಪ, ನಿಮಗೆ?"

ಮಾವ ಎಲೆ ಪಕ್ಕಕ್ಕೆ ಸರಿಸಿದರು. "ಅವತ್ತೇ ಗೊತ್ತಾಯ್ತು. ಹೇಳಿದೆ, ನೀನು ಕೇಳಲಿಲ್ಲ. ಎರಡನೇ ಸಲ ಹೇಳಬೇಕಿತ್ತು, ಹೇಳಲಿಲ್ಲ. ನೀನು ಖಾಯಂ ಆದರೆ ನಾನು ಆ ಒಲೆ ಮುಂದೆ ನಿಲ್ಲೋದು ತಪ್ಪುತ್ತಲ್ಲ ಅಂತ ಆಸೆ. ದಿನಾ ದೇವರಿಗೆ ನೈವೇದ್ಯ ಮಾಡೋ ಕೈ ಇದು. ಥೂ!"

ಇವರು ಮತ್ತೆ ಕೂರಲಿಲ್ಲ. "ಸೋಮವಾರ ಕಳೀಲಿ. ಸಾಹೇಬರು ಹೋಗಲಿ. ಆಮೇಲೆ ನಿಧಾನಕ್ಕೆ ಒಂದು ಕಾಗದ ಬರೆದರಾಯ್ತು."

"ಆಮೇಲೆ ದೇವೀರಪ್ಪ ಸ್ಟೇಷನ್ನಲ್ಲಿರ್ತಾನೆ" ಅಂದೆ.

"ಏ, ಸುಮ್ಮನಿರೇ!"

ಭಾನುವಾರ ಮತ್ತೆ ಹಿತ್ತಲು, ಮತ್ತೆ ಗೋಣಿ, ಮತ್ತೆ ಕರಟ. ಒಂದೇ ದಿನದ ಕರಿ, ಬೇಗ ಬಿಟ್ಟಿತು. ನಾನು ಸೀಮೆಎಣ್ಣೆ ಹಿಡಿದುಕೊಂಡು ಕೂತಿದ್ದೆ. ಇವರು ಪ್ಲಗ್ಗು ಒರೆಸಿ ಒರೆಸಿ, ಇನ್ನು ಒರೆಸೋದಕ್ಕೆ ಏನೂ ಇಲ್ಲ ಅನ್ನೋವಾಗ ಬಾಯಿ ಬಿಟ್ಟರು.

"ಹತ್ತು ಜನರ ಮುಂದೆ ಕಳ್ಳ ಅಂತ ಕೂಗಿಬಿಟ್ಟಿದೀನಿ ಕಣೇ. ಈಗ ಅಲ್ಲ ಅನ್ನೋಕೆ ಬಾಯೇ ಬರ್ತಿಲ್ಲ. ಖಾಯಂ ಅನ್ನೋದು ಒಂದು ನೆಪ."

"ನಾನು ಹೇಳ್ತೀನಿ ಸಾಹೇಬರಿಗೆ. ನಾಳೆ ನಾನೂ ಬರ್ತೀನಿ."

"ನೀನು ಬಂದರೆ ನನ್ನ ಮಾನ ಏನಾಗಬೇಕು?"

"ಅವನದ್ದು ಏನಾಗಬೇಕು?"

ಇವರು ಸ್ಪ್ಯಾನರು ತಗೊಂಡು ಬೋಲ್ಟು ಬಿಗಿಯೋದಕ್ಕೆ ಹತ್ತಿದರು.

ಸೋಮವಾರ ಎಣ್ಣೆ ಇವರೇ ಅಳೆದರು. ನಾನು ತಲೆ ಬಾಚಿ, ಹಬ್ಬದ ಸೀರೆ ಉಟ್ಟು ಬಾಗಿಲಲ್ಲಿ ನಿಂತೆ. "ಗಂಡಸರ ಆಫೀಸಿಗೆ ಹೆಂಗಸು ಹೋಗೋದು ಎಲ್ಲಾದರೂ ಉಂಟೇನೇ?" ಅಂದರು ಅತ್ತೆ, ಅಂತಾನೇ ಚಿತ್ರಾನ್ನದ ಡಬ್ಬಿ ನನ್ನ ಕೈಗೂ ಒಂದು ಕೊಟ್ಟರು. ಬಸ್ ಸ್ಟ್ಯಾಂಡಿನವರೆಗೂ ಇವರು ಹತ್ತು ಮಾರು ಮುಂದೆ, ನಾನು ಹಿಂದೆ.

ಬಸ್ಸು ತುಂಬಿತ್ತು. ಸಂತೆಗೆ ಹೊರಟ ರೈತರು, ಇಬ್ಬರು ಮೇಷ್ಟರು, ಬುಟ್ಟಿ ಹೆಂಗಸರು. ಮೋಟಾರು ಮೇಲೇರಿತು. ನಮಗೆ ಮುಂದೆ ಜಾಗ ಸಿಕ್ಕಿತು. ಹೊರಡೋ ಹೊತ್ತಿಗೆ ದೇವೀರಪ್ಪ ಹತ್ತಿದ. ಒಗೆದ ಪಂಚೆ ಉಟ್ಟಿದ್ದ. ವಿಚಾರಣೆಗೆ ಹೊರಟಿದ್ದ ಅಂತ ಎಲ್ಲರಿಗೂ ಗೊತ್ತು. ಬೇಲೂರಲ್ಲಿ ಇಂಥದ್ದೆಲ್ಲಾ ಮುಚ್ಚಿಡೋಕಾಗುತ್ತಾ? ಯಾರ ಮುಖವೂ ನೋಡದೆ ಹಿಂದಕ್ಕೆ ಹೋಗಿ ಕಂಬಿ ಹಿಡಿದು ನಿಂತ.

ಕಂಡಕ್ಟರು ಸೀಟಿ ಊದಿ ಕೂಗಿದ. "ಜೇಬು ಭದ್ರ ಕಣ್ರಪ್ಪೋ! ಪೆಟ್ರೋಲ್ ದೇವೀರಣ್ಣ ಹತ್ತವ್ನೆ!"

ಬಸ್ಸಿಗೆ ಬಸ್ಸೇ ನಕ್ಕಿತು. ಆಮೇಲೆ ಕಂಡಕ್ಟರು ನಮ್ಮ ಹತ್ತಿರ ಬಂದ. "ಏನ್ ಸ್ವಾಮಿ, ಇವತ್ತು ತೀರ್ಮಾನವಂತೆ? ಒಳ್ಳೇ ಕೆಲಸ ಮಾಡಿದ್ರಿ. ಇಂಥೋರ್ನ ಬಿಡಬಾರ್ದು."

ಇವರು ಚಿಲ್ಲರೆ ಕೊಟ್ಟು ಕಿಟಕಿ ಕಡೆ ತಿರುಗಿದರು. ನನಗೆ ತಡೆಯೋಕಾಗಲಿಲ್ಲ. ಎದ್ದು ನಿಂತುಬಿಟ್ಟೆ.

"ಅವನು ಕಳ್ಳ ಅಲ್ಲ ಕಣ್ರೀ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಎಣ್ಣೆ ಹುಯ್ದೋಳು..."

ಬಸ್ಸಿನೋರೆಲ್ಲ ಕತ್ತು ಚಾಚಿದರು. ಹೆಂಗಸೊಬ್ಬಳು, ಅದರಲ್ಲೂ ದೇವಸ್ಥಾನದ ಬೀದಿಯೋಳು, ಬಸ್ಸಿನಲ್ಲಿ ಎದ್ದು ಮಾತಾಡೋದನ್ನ ಅವರು ಯಾವತ್ತು ಕಂಡಿದ್ದರು? ಆಗ ನನ್ನ ತೋಳಿನ ಮೇಲೆ ಕೈ ಬಿತ್ತು.

"ಕೂತ್ಕೋ. ನಾನು ಹೇಳ್ತೀನಿ."

ಇವರು ಎದ್ದರು. ಒಂದು ಕೈಲಿ ಮೇಲಿನ ಕಂಬಿ ಹಿಡಿದುಕೊಂಡರು. ಕಿವಿ ಎರಡೂ ಕೆಂಪಗಾಗಿದ್ದವು.

"ಪೆಟ್ರೋಲು ಯಾರೂ ಕದ್ದಿಲ್ಲ. ಎಣ್ಣೆ ಅಳೆದದ್ದು ನಮ್ಮನೇಲಿ, ಅಳತೆ ತಪ್ಪಿದ್ದೂ ನಮ್ಮನೇಲಿ. ನಾನು ನೋಡದೆ, ಕೇಳದೆ, ದೇವೀರಪ್ಪನ ಮೇಲೆ ಹಾಕಿದೆ. ಸಾಹೇಬರ ಮುಂದೂ ಇದನ್ನೇ ಹೇಳೋಕೆ ಹೋಗ್ತಿದೀನಿ."

ಖಾಯಂ ಹೋಯ್ತು ಅಂತ ನನಗೆ ಆಗಲೇ ಗೊತ್ತಾಯ್ತು. ಇಷ್ಟು ಜನರ ಮುಂದೆ ಹೇಳಿದ್ದನ್ನ ಹಳೇಬೀಡಿಗೆ ಹೋಗಿ ನುಂಗೋ ಹಾಗಿಲ್ಲ. ಆದರೂ ಅವತ್ತಿನಷ್ಟು ಆ ಮನುಷ್ಯನ ಮೇಲೆ ನನಗೆ ಯಾವತ್ತೂ ಪ್ರೀತಿ ಬಂದಿರಲಿಲ್ಲ. ಕಂಡಕ್ಟರು ಟಿಕೆಟ್ಟಿನ ಕಟ್ಟು ತಿರುವಿ ಹಾಕ್ತಾ ನಿಂತ. ಯಾರೋ ಒಬ್ಬರು ಕಿಸಕ್ಕನೆ ನಕ್ಕು ಸುಮ್ಮನಾದರು. ಇವರು ಕೂರೋದಕ್ಕೆ ಹೋದರು.

"ಸ್ವಾಮಿ." ಹಿಂದಿನಿಂದ ದೇವೀರಪ್ಪನ ದನಿ.

ಎಲ್ಲರೂ ತಿರುಗಿದರು. ಅವನು ಕಂಬಿ ಬಿಟ್ಟು ನೆಟ್ಟಗೆ ನಿಂತಿದ್ದ.

"ಇನ್ನೊಂದ್ಸಲ ಹೇಳಿ ಸ್ವಾಮಿ. ಇಂಜಿನ್ ಸದ್ದಿಗೆ ಹಿಂದಿನ ಸೀಟ್ನೋರ್ಗೆ ಕೇಳಿಸ್ನಿಲ್ಲ."

ಇವರು ಅವನ ಕಡೆ ತಿರುಗಿದರು. ಆಮೇಲೆ ಮತ್ತೆ ಎದ್ದು ನಿಂತು, ಮೊದಲಿಂದ, ಜೋರಾಗಿ ಹೇಳಿದರು.